ಮಗುವಿನ ತಟ್ಟೆಗೆ ಏನು ಕೊರತೆ?



ನಮ್ಮ ಮಲೆನಾಡಿನ ಹುಳಿಮಣ್ಣಿಗೆ ಸುಣ್ಣ ಬೇಕಾದಾಗ ಬರೀ ಗೊಬ್ಬರ ಸುರಿದರೆ ಪೂರ್ತಿ ಫಲ ಸಿಗದು. ಕೊರತೆ ಯಾವುದೆಂದು ಮೊದಲು ತಿಳಿಯಬೇಕು, ಅಲ್ಲವೆ? ಮಕ್ಕಳ ಪೋಷಣೆಯ ಸಂಶೋಧನೆಗೂ ಇದೇ ಮಾತು ಸಲ್ಲುತ್ತದೆ. ಇದರ ಚರಿತ್ರೆ ಸ್ವಲ್ಪ ಕೇಳಿ.

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ತೆರೆಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಬಡದೇಶಗಳ ಮಕ್ಕಳು ಸೊರಗುವುದಕ್ಕೆ, ಕಾಲು ಬಾತುಕೊಳ್ಳುವುದಕ್ಕೆ ಸಸಾರಜನಕದ ಕೊರತೆಯೇ ಮುಖ್ಯ ಕಾರಣವೆಂದು ಲೋಕದ ವಿಜ್ಞಾನಿಗಳು ಆಗ ನಂಬಿದ್ದರು. ಹಾಲು ದುಬಾರಿ, ಎಣ್ಣೆ ತೆಗೆದ ಕಡಲೆಕಾಯಿ ಹಿಂಡಿ ದನದ ಪಾಲಾಗುತ್ತಿತ್ತು. ಮೈಸೂರಿನವರು ಒಳ್ಳೆಯ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಕೂಡಿಸಿ, ಜೀವಸತ್ವ ಮತ್ತು ಸುಣ್ಣದ ಅಂಶ ಸೇರಿಸಿ, ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಆಹಾರ ಮಾಡಿದರು. ಅದು ಒಳ್ಳೆಯ ಕೆಲಸವೇ.

ಆದರೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಬೇರೆಯದೊಂದನ್ನು ಕಂಡರು. ಒಂದೇ ಬಗೆಯ ಊಟ ಉಣ್ಣುವ ಮಕ್ಕಳಲ್ಲಿ ಕೆಲವರು ಬಾತುಕೊಳ್ಳುತ್ತಾರೆ, ಕೆಲವರು ಒಣಗಿ ಕಡ್ಡಿಯಾಗುತ್ತಾರೆ! ಊಟವೇ ಸಾಲದಾದರೆ ದೇಹವು ಸಸಾರಜನಕವನ್ನೂ ಶಕ್ತಿಗಾಗಿ ಸುಡುತ್ತದೆ. ಸೌದೆ ಮುಗಿದಾಗ ಮನೆಯ ತೊಲೆಯನ್ನೇ ಒಲೆಗೆ ಇಟ್ಟ ಹಾಗೆ. ಅವರು ಮಕ್ಕಳಿಗೆ 14 ತಿಂಗಳು ದಿನಕ್ಕೆ ಸುಮಾರು 310 ಕ್ಯಾಲೊರಿಯಷ್ಟು ತಿಂಡಿ ಹೆಚ್ಚಾಗಿ ಕೊಟ್ಟರು. ಅದರಲ್ಲಿ ಸಸಾರಜನಕ ಬರೀ 3 ಗ್ರಾಂ. ಆದರೂ ಮಕ್ಕಳ ಎತ್ತರ, ತೂಕ ಚೆನ್ನಾಗಿ ಏರಿತು. ಇದು 1973ರಲ್ಲಿ ಪ್ರಕಟವಾಯಿತು. ಮರುವರ್ಷ ಡಾ. ಮೆಕ್‌ಲಾರೆನ್ ಎಂಬವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಸಸಾರಜನಕವೊಂದರ ಬೆನ್ನುಹತ್ತಿದ್ದು ದೊಡ್ಡ ಎಡವಟ್ಟೆಂದು ಬರೆದರು. ಹಣ ಹೋದದ್ದಿರಲಿ, ಅಷ್ಟು ವರ್ಷ ಹಸಿದ ಮಕ್ಕಳ ಬೆಳೆಯುವ ಕಾಲವೂ ಹೋಯಿತು. ಅದು ಮತ್ತೆ ಬರುವುದುಂಟೆ?

ಈಗ ಸಂಶೋಧನೆಗೆ ಹಣ ಹಾಕುವ ಮುಂಚೆ ಪ್ರಶ್ನೆಗಳನ್ನೇ ತೂಗಿನೋಡುವ ಕ್ರಮವೊಂದು ಬಂದಿದೆ. ಈ ಪ್ರಶ್ನೆಗೆ ಉತ್ತರ ಸಿಕ್ಕೀತೆ? ಆ ಉಪಾಯ ಫಲಿಸೀತೆ? ಜನರ ಮನೆಗೆ ಮುಟ್ಟೀತೆ? ಎಷ್ಟು ಮಕ್ಕಳು ಉಳಿದಾರು? ಬಡವರಿಗೂ ದಕ್ಕೀತೆ? ಹೀಗೆ ಅಂಕ ಹಾಕಿ, ಹೆಚ್ಚು ಅಂಕದ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತಾರೆ.

ಇದರಲ್ಲಿ ನಿಮ್ಮ ಪಾಲೂ ಇದೆ, ತಾಯಂದಿರೇ. ಮಗುವಿನ ಹೊಟ್ಟೆ ಚಿಕ್ಕದು. ತೆಳುಗಂಜಿಯಲ್ಲಿ ನೀರೇ ಹೆಚ್ಚು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ ಕಿವುಚಿ, ಒಂದಿಷ್ಟು ತುಪ್ಪವೋ ಎಣ್ಣೆಯೋ ಬೆರೆಸಿ ಗಟ್ಟಿಯಾಗಿಯೇ ಉಣಿಸಿ. ಮೊದಮೊದಲು ದಿನಕ್ಕೆ ಎರಡು ಮೂರು ಸಲ ಸಾಕು, ಬೆಳೆದಂತೆ ಹೆಚ್ಚಿಸಿ. 1975ರಿಂದ ಬಂದಿರುವ ಅಂಗನವಾಡಿಯಲ್ಲಿ ತಿಂಗಳು ತಪ್ಪದೆ ತೂಕ ಹಾಕಿಸಿ. ತೂಕ ಏರದಿದ್ದರೆ ‘ಯಾಕಮ್ಮ ಹೀಗೆ?’ ಅಂತ ಅಲ್ಲೇ ಕೇಳಿ, ಗ್ರಾಮಸಭೆಯಲ್ಲೂ ಕೇಳಿ. ಮನೆಯ ಕಷ್ಟ ವಿಜ್ಞಾನಿಗೆ ತಿಳಿಯಬೇಕಾದರೆ ಮನೆಯವರು ಬಾಯಿ ಬಿಡಬೇಕು.