ಕಾದಂಬರಿಗೂ ಚಿತ್ರಕ್ಕೂ ನಡುವಿನ ವರ್ಷಗಳು

1975ರ ಆಗಸ್ಟ್ 1ರಂದು ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ದೂರದರ್ಶನ ಕಣ್ತೆರೆಯಿತು. ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಒಂದು ವರ್ಷ ನಡೆದ ಆ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದವು. ಬೆಂಗಳೂರಿನವರು ತಮ್ಮ ದೂರದರ್ಶನ ಕೇಂದ್ರಕ್ಕಾಗಿ 1981ರವರೆಗೆ ಕಾಯಬೇಕಾಯಿತು. ಎಲ್ಲವೂ ತಡವಾಗಿ ಬರುವುದೇ ರೂಢಿಯಾಗಿದ್ದ ನಮ್ಮ ಭಾಗಕ್ಕೆ ಟಿ.ವಿ. ಮಾತ್ರ ಮೊದಲೇ ಬಂತು. ಊರಿನ ಸಾರ್ವಜನಿಕ ಜಾಗದಲ್ಲಿಟ್ಟ ಒಂದೇ ಪೆಟ್ಟಿಗೆಯ ಮುಂದೆ ಸಂಜೆ ಊರೆಲ್ಲ ಕೂಡುತ್ತಿತ್ತು.

ಅದೇ 1975ರಲ್ಲಿ ಕನ್ನಡದಲ್ಲಿ ‘ಚೋಮನ ದುಡಿ’ ಎಂಬ ಚಲನಚಿತ್ರ ಬಂತು. ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು ತೆರೆಗೆ ತಂದ ಈ ಚಿತ್ರಕ್ಕೆ ಆ ವರ್ಷದ ರಾಷ್ಟ್ರೀಯ ಸ್ವರ್ಣಕಮಲ ದೊರೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಈ ಎರಡು ಘಟನೆಗಳಿಗೆ ನೇರ ಸಂಬಂಧವೇನೂ ಇಲ್ಲ. ಆದರೂ ಜೊತೆಯಲ್ಲಿಟ್ಟು ನೆನೆಯುವುದಕ್ಕೆ ಕಾರಣವಿದೆ. ಪುಸ್ತಕ ಕೈಗೆ ಸಿಗುವ ಮೊದಲೇ ತೆರೆ ಕಣ್ಣಿಗೆ ಬೀಳುವ ಕಾಲ ಅಲ್ಲಿಂದಲೇ ಶುರುವಾಯಿತು. ಇಂದು ಸೈದಾಪುರದ ಬಳಿಯ ಕಡೇಚೂರಿನ ವಿದ್ಯಾರ್ಥಿಯೊಬ್ಬ ‘ಚೋಮನ ದುಡಿ’ ಓದಬೇಕೆಂದರೆ ಪುಸ್ತಕಕ್ಕಾಗಿ ಯಾದಗಿರಿಗೋ ರಾಯಚೂರಿಗೋ ಹೋಗಬೇಕಾದೀತು. ನೋಡಬೇಕೆಂದರೆ ಕೈಯಲ್ಲಿರುವ ಮೊಬೈಲ್ ಸಾಕು. ಹೀಗಾಗಿ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಕಾದಂಬರಿಯ ಕಥೆ ಬರೆಯಿರಿ ಎಂದರೆ ಸಿನೆಮಾದ ಕಥೆ ಬಂದು ಕೂಡುತ್ತದೆ. ಅಂಕ ಹೋಗುವುದು ಒಂದು ಮಾತಾಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಎರಡು ಬೇರೆ ಬೇರೆ ಕಾಲಗಳು ಒಂದೇ ಆಗಿ ಕಲಸಿಹೋಗುತ್ತವೆ.

ಕಾದಂಬರಿ ಮತ್ತು ಚಿತ್ರವನ್ನು ಹೋಲಿಸುವಾಗ ನಾವು ಸಾಮಾನ್ಯವಾಗಿ ಯಾವುದು ಚೆನ್ನಾಗಿದೆ, ಏನನ್ನು ಬಿಟ್ಟಿದ್ದಾರೆ ಎಂದು ಕೇಳುತ್ತೇವೆ. ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ಕಾದಂಬರಿ ಬಂದದ್ದು ಯಾವ ಇಸವಿಯಲ್ಲಿ, ಚಿತ್ರ ಬಂದದ್ದು ಯಾವ ಇಸವಿಯಲ್ಲಿ, ನಡುವೆ ಈ ನಾಡಿನಲ್ಲಿ ಏನೇನು ನಡೆಯಿತು? ಈ ಲೆಕ್ಕ ಹಾಕಿ ನೋಡಿದರೆ ಬಿಟ್ಟದ್ದು, ಸೇರಿಸಿದ್ದು, ತಿರುಗಿಸಿದ್ದು ಎಲ್ಲಕ್ಕೂ ಒಂದು ಅರ್ಥ ಹೊಳೆಯತೊಡಗುತ್ತದೆ.

‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳೋಣ. ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಗಾಂಧೀಜಿಯವರ ಅಸ್ಪೃಶ್ಯತಾ ನಿವಾರಣೆಯ ಚಳವಳಿ ದೇಶದ ತುಂಬ ಚರ್ಚೆಯಾಗುತ್ತಿದ್ದ ದಿನಗಳವು. ಚೋಮ ಬಯಸುವುದು ಬಹಳ ಸಣ್ಣ ವಿಷಯ: ತನ್ನ ಬಳಿಯಿರುವ ಎತ್ತುಗಳನ್ನು ಕಟ್ಟಿ, ಒಂದು ತುಂಡು ಗದ್ದೆಯನ್ನು ಗೇಣಿಗೆ ಪಡೆದು ಬೇಸಾಯ ಮಾಡುವುದು. ಅವನ ಜಾತಿಗೆ ಅದು ಸಲ್ಲದು. ಒಡೆಯ ಸಂಕಪ್ಪಯ್ಯ ಕೆಟ್ಟ ಮನುಷ್ಯನೇನಲ್ಲ, ಆದರೆ ಸಂಪ್ರದಾಯವನ್ನು ಮೀರುವ ಧೈರ್ಯ ಅವನಿಗಿಲ್ಲ. ತೋಟದ ಸಾಲ ತೀರಿಸಲು ಹೋದ ಮಕ್ಕಳಲ್ಲಿ ಒಬ್ಬ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಮತಾಂತರ ಹೊಂದುತ್ತಾನೆ. ಮತ್ತೊಬ್ಬ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದ ಜಾತಿಯವನೆಂದು ದಡದಲ್ಲಿದ್ದವರು ಕೈ ಚಾಚುವುದಿಲ್ಲ. ಕೊನೆಗೆ ಚೋಮ ನೇಗಿಲು ಮುರಿದು, ಎತ್ತುಗಳನ್ನು ಅಟ್ಟಿ, ಬಾಗಿಲು ಮುಚ್ಚಿ ದುಡಿ ಬಾರಿಸುತ್ತ ಸಾಯುತ್ತಾನೆ.

ಈಗ ಚಿತ್ರ ಬಂದ ಕಾಲವನ್ನು ನೋಡಿ. ನಡುವೆ 42 ವರ್ಷಗಳು ಕಳೆದಿವೆ. ಸ್ವಾತಂತ್ರ್ಯ ಬಂದಿದೆ, ಸಂವಿಧಾನ ಬಂದಿದೆ, ಅಸ್ಪೃಶ್ಯತೆ ಕಾನೂನಿನಲ್ಲಿ ಅಪರಾಧವಾಗಿದೆ. ಚಿತ್ರ ತೆರೆಗೆ ಬರುವುದಕ್ಕೆ ಹಿಂದಿನ ವರ್ಷವಷ್ಟೇ, 1974ರಲ್ಲಿ, ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಯಾಗಿ ಉಳುವವನೇ ಹೊಲದೊಡೆಯ ಎಂಬ ಮಾತು ಹಳ್ಳಿಹಳ್ಳಿಗೆ ಮುಟ್ಟಿತ್ತು. ಭೂ ನ್ಯಾಯಮಂಡಳಿಗಳ ಮುಂದೆ ಗೇಣಿದಾರರು ಅರ್ಜಿ ಹಿಡಿದು ನಿಂತಿದ್ದ ಹೊತ್ತಿನಲ್ಲಿ, ಗೇಣಿಯೂ ಸಿಗದೆ ಸತ್ತವನ ಕಥೆ ತೆರೆಯ ಮೇಲೆ ಬಂತು. ಗೇಣಿದಾರನಾಗಿದ್ದವನಿಗೆ ಕಾನೂನು ಭೂಮಿ ಕೊಟ್ಟಿತು. ಗೇಣಿದಾರನೂ ಆಗಲಾರದ ಚೋಮನಂಥವನಿಗೆ? ಕಾದಂಬರಿಯಲ್ಲಿ ಈ ಪ್ರಶ್ನೆ ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಆ ಕಾನೂನೇ ಹುಟ್ಟಿರಲಿಲ್ಲ. 1975ರ ಪ್ರೇಕ್ಷಕನಿಗೆ ಮಾತ್ರ ಅದು ಕೇಳಿಸದೆ ಇರುವುದು ಕಷ್ಟ. ಕಥೆ ಅದೇ, ಕೇಳುವವರ ಕಿವಿ ಬದಲಾಗಿತ್ತು. ಪುಟದಲ್ಲಿ ಓದಿ ಊಹಿಸಿಕೊಳ್ಳಬೇಕಾದ ದುಡಿಯ ಸದ್ದು ಚಿತ್ರದಲ್ಲಿ ನಿಜವಾಗಿ ಕೇಳಿಸುತ್ತದೆ ಎಂಬುದೂ ಸಣ್ಣ ವ್ಯತ್ಯಾಸವಲ್ಲ. ರಂಗಭೂಮಿಯಲ್ಲಿ ಸಂಗೀತಗಾರರಾಗಿಯೂ ಹೆಸರಾದ ಬಿ.ವಿ. ಕಾರಂತರಿಗೆ ಆ ಸದ್ದಿನ ಬೆಲೆ ಚೆನ್ನಾಗಿ ಗೊತ್ತಿತ್ತು.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಅಂತರ ಕೇವಲ ಐದು ವರ್ಷ. ಕಾದಂಬರಿ 1965ರದು, ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರದು. ಆಚಾರಗಳನ್ನೆಲ್ಲ ಗಾಳಿಗೆ ತೂರಿ ಬದುಕಿದ ನಾರಣಪ್ಪ ಸತ್ತಾಗ ಅವನ ಶವಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆಯಿಂದ ಅಗ್ರಹಾರ ತಲ್ಲಣಿಸುವ ಕಥೆ ಇದು. ಪುಸ್ತಕವಾಗಿ ಬಂದಾಗ ವಾದ ವಿವಾದ ನಡೆದವು, ಆದರೆ ಓದುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದೇ ಕಥೆ ಚಿತ್ರವಾದೊಡನೆ ಮದರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಜಾತಿ ಭಾವನೆಗಳು ಕೆರಳಬಹುದೆಂಬ ಭಯ ಅದಕ್ಕೆ ಕಾರಣ. ಕೇಂದ್ರ ಸರ್ಕಾರ ಆ ನಿಷೇಧವನ್ನು ತೆಗೆದುಹಾಕಿದ ಮೇಲೆ ಬಿಡುಗಡೆಯಾದ ಚಿತ್ರಕ್ಕೆ 1970ರ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿ ಸಂದಿತು. ಪುಸ್ತಕ ಒಬ್ಬೊಬ್ಬರೇ ಓದುವಂಥದ್ದು, ಸಿನೆಮಾ ಸಾವಿರ ಜನ ಒಟ್ಟಿಗೆ ಕೂತು ನೋಡುವಂಥದ್ದು. ಓದು ಬಾರದವರೂ ಅಲ್ಲಿರುತ್ತಾರೆ. ಅಧಿಕಾರದಲ್ಲಿದ್ದವರಿಗೆ ಹೆದರಿಕೆ ಹುಟ್ಟಿಸಿದ್ದು ಕಥೆಗಿಂತ ಹೆಚ್ಚಾಗಿ ಈ ಒಟ್ಟಿಗೆ ಕೂಡುವಿಕೆ ಎಂದು ನನಗನ್ನಿಸುತ್ತದೆ.

ಇನ್ನು ರೂಪದ ಮಾತು. ಪ್ರಾಣೇಶಾಚಾರ್ಯರು ಕಾದಂಬರಿಯ ಕೊನೆಯ ಭಾಗದಲ್ಲಿ ಊರು ಬಿಟ್ಟು ನಡೆಯುವಾಗ ಪುಟಗಟ್ಟಲೆ ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಅದನ್ನು ಕ್ಯಾಮೆರಾ ಹಿಡಿಯುವುದು ಹೇಗೆ? ಚಿತ್ರದಲ್ಲಿ ಗಿರೀಶ ಕಾರ್ನಾಡರ ಮುಖ, ಬೆಟ್ಟ, ಕಾಡು, ಮೌನ ಇಷ್ಟರಿಂದಲೇ ಆ ಕೆಲಸ ನಡೆಯಬೇಕಾಯಿತು. ಸಂಗೀತ ರಾಜೀವ ತಾರಾನಾಥರದು. ಅವರ ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು; ಮಲೆನಾಡಿನ ಈ ಚಿತ್ರಕ್ಕೆ ನಮ್ಮ ಸೀಮೆಯ ನಂಟೂ ಇತ್ತೆಂದು ಇಲ್ಲಿನ ವಿದ್ಯಾರ್ಥಿಗಳಿಗೆ ಗೊತ್ತಿರಲಿ.

ಎಲ್ಲ ಲೇಖಕರೂ ತಮ್ಮ ಕೃತಿ ಚಿತ್ರವಾದಾಗ ಸಂತೋಷಪಟ್ಟರೆಂದಿಲ್ಲ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರದಲ್ಲಿ ಹೆಣೆದು ಪುಟ್ಟಣ್ಣ ಕಣಗಾಲ್ ಅವರು 1972ರಲ್ಲಿ ‘ನಾಗರಹಾವು’ ತೆಗೆದರು. ಜನ ಮುಗಿಬಿದ್ದು ನೋಡಿದರು; ಚಿತ್ರದುರ್ಗದ ಕೋಟೆಯನ್ನು ಎಂದೂ ಕಾಣದ ಯಾದಗಿರಿ, ಶಹಾಪುರದ ಹುಡುಗರಿಗೂ ರಾಮಾಚಾರಿ ಮನೆಯವನಾದ. ಮೂಲ ಲೇಖಕರಿಗೆ ಮಾತ್ರ ಚಿತ್ರ ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಅವರು ಹೇಳಿದರೆಂಬ ಮಾತು ಇಂದಿಗೂ ಪ್ರಸಿದ್ಧ. ಇತ್ತ ‘ಬೆಳ್ಳಿಮೋಡ’ (1967), ‘ಶರಪಂಜರ’ (1971) ಚಿತ್ರಗಳಾಗಿ ಮನೆಮಾತಾದಾಗ ಮೆಚ್ಚುವುದಕ್ಕಾಗಲಿ ಮುನಿಯುವುದಕ್ಕಾಗಲಿ ಲೇಖಕಿ ತ್ರಿವೇಣಿಯವರು ಇರಲಿಲ್ಲ. ಅವರು 1963ರಲ್ಲೇ ತೀರಿಕೊಂಡಿದ್ದರು.

ಮುನಿಸಿಕೊಂಡ ಮತ್ತೊಬ್ಬರು ಮೈಸೂರಿನ ಆರ್.ಕೆ. ನಾರಾಯಣ್. ಅವರ ಇಂಗ್ಲಿಷ್ ಕಾದಂಬರಿ ‘ದಿ ಗೈಡ್’ 1958ರದು. ಹಿಂದಿ ಚಿತ್ರ ‘ಗೈಡ್’ 1965ರದು. ದಕ್ಷಿಣದ ಸಣ್ಣ ಊರಾದ ಮಾಲ್ಗುಡಿಯ ಕಥೆಯನ್ನು ಚಿತ್ರದವರು ರಾಜಸ್ಥಾನದ ಅರಮನೆಗಳ ನಡುವೆ, ಬಣ್ಣಬಣ್ಣವಾಗಿ ತೆಗೆದರು. ನಾರಾಯಣ್ ಇದರ ಬಗ್ಗೆ ಒಂದು ಕಟಕಿಯ ಲೇಖನವನ್ನೇ ಬರೆದರು. ಇಲ್ಲಿ ಎರಡರ ಕೊನೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಮಳೆಗಾಗಿ ಉಪವಾಸ ಕೂತ ರಾಜು ಕಾದಂಬರಿಯಲ್ಲಿ ನದಿಯ ನೀರಿನಲ್ಲಿ ನಿಂತು, ದೂರದ ಗುಡ್ಡಗಳಲ್ಲಿ ಮಳೆ ಬರುತ್ತಿದೆ ಎಂದು ಹೇಳಿ ಕುಸಿಯುತ್ತಾನೆ. ಮಳೆ ನಿಜವಾಗಿ ಬಂತೋ, ಅವನು ಸತ್ತನೋ, ಲೇಖಕರು ಹೇಳುವುದಿಲ್ಲ. ಚಿತ್ರದಲ್ಲಿ ಮಳೆ ಧಾರಾಕಾರವಾಗಿ ಸುರಿಯುತ್ತದೆ. ದೇಶದ ಅರ್ಧ ಜನ ಮಳೆಗೆ ಮುಖ ಮಾಡಿ ಬದುಕುವಾಗ, ಟಿಕೆಟು ಕೊಂಡು ಬಂದವನನ್ನು ಮಳೆಯಿಲ್ಲದೆ ಮನೆಗೆ ಕಳಿಸಲು ನಿರ್ಮಾಪಕನಿಗೆ ಮನಸ್ಸು ಬಾರದಿದ್ದರೆ ಅದನ್ನು ಅರ್ಥಮಾಡಿಕೊಳ್ಳಬಹುದು. ಒಪ್ಪಬೇಕಾಗಿಲ್ಲ.

ಇದುವರೆಗೆ ಹೇಳಿದ್ದೆಲ್ಲ ಮಲೆನಾಡು, ಕರಾವಳಿ, ಚಿತ್ರದುರ್ಗ, ಮೈಸೂರಿನ ಮಾತಾಯಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಕರ್ನಾಟಕದೊಳಗೆ ಬಂದ ನಮ್ಮ ಸೀಮೆಯ ಕಥೆ ತೆರೆಯ ಮೇಲೆ ಕಂಡದ್ದು ಕಡಿಮೆ. ಆದರೆ ಇಂಗ್ಲಿಷ್ ಕಾದಂಬರಿಯ ಇತಿಹಾಸದಲ್ಲಿ ಸುರಪುರಕ್ಕೊಂದು ಸ್ಥಾನವಿದೆ. ಅಲ್ಲಿಯ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರಿಗೆ ಫಿಲಿಪ್ ಮೆಡೋಸ್ ಟೇಲರ್ ಹೆಸರು ಗೊತ್ತಿರುತ್ತದೆ. ನಿಜಾಮರ ಸೇವೆಯಲ್ಲಿದ್ದ ಈ ಅಧಿಕಾರಿ 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡರು. ಬಾಲಕ ರಾಜಾ ವೆಂಕಟಪ್ಪ ನಾಯಕರು ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದರು. ಅದೇ ರಾಜರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡರು.

ಸುರಪುರಕ್ಕೆ ಬರುವ ಮುಂಚೆಯೇ, 1839ರಲ್ಲಿ, ಟೇಲರ್ ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ ಪ್ರಕಟವಾಗಿ ಹೆಸರು ಮಾಡಿತ್ತು. ದಾರಿಹೋಕರ ಜೊತೆ ಸ್ನೇಹ ಬೆಳೆಸಿ ಕತ್ತು ಬಿಗಿದು ಕೊಲ್ಲುತ್ತಿದ್ದ ಥಗ್ಗರಲ್ಲಿ ಒಬ್ಬನಾದ ಅಮೀರ್ ಅಲಿ ತನ್ನ ಕಥೆಯನ್ನು ತಾನೇ ಹೇಳುವ ಕಾದಂಬರಿ ಇದು. ಸಾಹೇಬ ಎದುರಿಗೆ ಕೂತು ಕೇಳಿಸಿಕೊಳ್ಳುತ್ತಾನೆ, ನಡುನಡುವೆ ಬೆಚ್ಚಿಬೀಳುತ್ತಾನೆ, ಅಷ್ಟೇ. ಮಾತು ಪೂರ್ತಿ ಅಪರಾಧಿಯದು.

ಥಗ್ಗರ ವಿಷಯ ಮುಂದೆ ಸಿನೆಮಾದವರ ಕೈಗೆ ಹೋಯಿತು. 1988ರಲ್ಲಿ ಇಸ್ಮಾಯಿಲ್ ಮರ್ಚೆಂಟ್ ನಿರ್ಮಿಸಿದ ‘ದಿ ಡಿಸೀವರ್ಸ್’ ಚಿತ್ರಕ್ಕೆ ಆಧಾರ ಟೇಲರ್ ಕೃತಿಯಲ್ಲ, ಜಾನ್ ಮಾಸ್ಟರ್ಸ್ 1952ರಲ್ಲಿ ಬರೆದ ಅದೇ ಹೆಸರಿನ ಕಾದಂಬರಿ. ಅದರಲ್ಲಿ ನಾಯಕ ಒಬ್ಬ ಇಂಗ್ಲಿಷ್ ಅಧಿಕಾರಿ. ಅವನು ವೇಷ ಮರೆಸಿಕೊಂಡು ಥಗ್ಗರೊಳಗೆ ಸೇರುತ್ತಾನೆ. 1839ರಲ್ಲಿ ಕೇಳುತ್ತ ಕೂತಿದ್ದ ಸಾಹೇಬ ಈಗ ಕಥೆಯ ನಡುವೆ ಬಂದು ನಿಂತ. ಹೇಳುತ್ತಿದ್ದವನು ಬದಿಗೆ ಸರಿದ. ಬ್ರಿಟಿಷ್ ಸಾಮ್ರಾಜ್ಯ ಉಚ್ಛ್ರಾಯದಲ್ಲಿದ್ದಾಗ ಬರೆದ ಕಾದಂಬರಿ ಭಾರತೀಯನ ಬಾಯಿಗೆ ಮಾತು ಕೊಟ್ಟಿತು, ಸಾಮ್ರಾಜ್ಯ ಮುಗಿದ ಮೇಲೆ ಬಂದ ಕಾದಂಬರಿ ಮತ್ತು ಚಿತ್ರ ಇಂಗ್ಲಿಷನ ಸಾಹಸಕ್ಕೆ ಜಾಗ ಮಾಡಿದವು. ಹಾಗೆಂದು ಟೇಲರ್ ಹೇಳಿದ್ದೆಲ್ಲ ಸತ್ಯವೆಂದು ನಂಬಬೇಕಿಲ್ಲ. ಥಗ್ಗರ ಬಗ್ಗೆ ಕಂಪನಿ ಸರ್ಕಾರ ಕಟ್ಟಿದ ಚಿತ್ರಣ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆ ಇಂದಿಗೂ ನಡೆದಿದೆ. ಟೇಲರ್ ಸ್ವತಃ ಆ ಸರ್ಕಾರದ ಕಣ್ಣಿನಿಂದಲೇ ನೋಡಿದವರು.

ಈ ಭಾಗದ ಬದುಕನ್ನು ಒಳಗಿನಿಂದ ಕಂಡು ಬರೆದವರಲ್ಲಿ ಗೀತಾ ನಾಗಭೂಷಣ ಮುಖ್ಯರು. 1942ರಲ್ಲಿ ಗುಲಬರ್ಗಾ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿ, ಬಡತನದಲ್ಲೇ ಓದಿ ಅಧ್ಯಾಪಕಿಯಾದ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿ ‘ಹೆಣ್ಣಿನ ಕೂಗು’ ಎಂಬ ಹೆಸರಿನಲ್ಲಿ ಚಿತ್ರವಾಯಿತು. ಎರಡು ಹೆಸರುಗಳನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಮೊದಲನೆಯದರಲ್ಲಿ ಹದ್ದುಗಳಿವೆ, ಅಂದರೆ ತಿನ್ನುವವರ ಮೇಲೆ ನೇರವಾಗಿ ಬೆರಳು ತೋರಿಸಿದೆ. ಎರಡನೆಯದರಲ್ಲಿ ಕೂಗು ಮಾತ್ರ ಉಳಿದಿದೆ. ಹದ್ದುಗಳು ಭಿತ್ತಿಪತ್ರದಿಂದ ಹಾರಿಹೋಗಿವೆ. ‘ಬದುಕು’ ಕಾದಂಬರಿಯಲ್ಲಿರುವ ಗುಲಬರ್ಗಾ ಸೀಮೆಯ ಮಾತು, ಬೈಗುಳ, ಜಾತ್ರೆ, ದುಡಿಯುವ ಹೆಂಗಸರ ಹಾಡುಪಾಡು ಇವನ್ನೆಲ್ಲ ಮೈಸೂರಿನ ಸಂಭಾಷಣೆಗೆ ಇಳಿಸದೆ ಯಾರಾದರೂ ತೆರೆಗೆ ತರಲು ಹೊರಟರೆ, ನಮ್ಮ ಕಡೆಯ ಹುಡುಗ ಹುಡುಗಿಯರ ಕಿವಿ ಅವರಿಗೆ ಬೇಕಾಗುತ್ತದೆ. ಪುಸ್ತಕ ದಪ್ಪವಾಗಿದೆ, ಎರಡು ವಾರವಾದರೂ ಹಿಡಿದೀತು.