ಕುದುರೆ ಏರಿದ ಹೆಣ್ಣು

ಸುರೇಬಾನದಲ್ಲಿ ಮಕ್ಕಳಿಗೆ ಕಿತ್ತೂರಿನ ಪಾಠ ಮಾಡುವಾಗ ನಾನು ಖಡ್ಗಕ್ಕಿಂತ ಮೊದಲು ಕುದುರೆಯ ಮಾತೆತ್ತುತ್ತೇನೆ. ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮ ಎಳವೆಯಲ್ಲೇ ಸವಾರಿ ಕಲಿತಳು. 1824ರಲ್ಲಿ ಕುಂಪಣಿ ಸರಕಾರವನ್ನು ಎದುರಿಸಿದಳು. ಸವಾರಿ ಕಲಿಸಿದವರ ಹೆಸರು ಪಾಠದಲ್ಲಿಲ್ಲ.

ಒಲಿಂಪಿಕ್ಸಿನಲ್ಲಿ ಡ್ರೆಸಾಜ್ ಎಂಬ ಸ್ಪರ್ಧೆಯುಂಟು. ಸವಾರರ ಸನ್ನೆ ಅರಿತು ಕುದುರೆ ಹೆಜ್ಜೆ ಹಾಕಬೇಕು. ಅದು ಮಹಿಳೆಯರಿಗೆ ತೆರೆದದ್ದು 1952ರಲ್ಲಿ. ಆ ವರ್ಷ ಹೆಲ್ಸಿಂಕಿಯಲ್ಲಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಗಂಡಸರೊಡನೆಯೇ ಸ್ಪರ್ಧಿಸಿ ಬೆಳ್ಳಿ ಪದಕ ಗೆದ್ದಳು. ಪೋಲಿಯೋದಿಂದ ಆಕೆಗೆ ಮೊಣಕಾಲ ಕೆಳಗೆ ಸ್ವಾಧೀನವಿರಲಿಲ್ಲ. ಕುದುರೆ ಹತ್ತಿಸಲು ಇನ್ನೊಬ್ಬರು ಬೇಕಿತ್ತು. ಹತ್ತಿದ ಮೇಲೆ ಸವಾರಿ ಅವಳದೇ.

ಮಗಳಿಗೆ ಸೈಕಲ್ ಕಲಿಸಲೂ ಹಿಂದೆಮುಂದೆ ನೋಡುವ ತಾಯಂದಿರಿಗೆ ನಾನು ಹೇಳುವುದಿಷ್ಟೇ: ಚೆನ್ನಮ್ಮನನ್ನೂ ಯಾರೋ ಒಬ್ಬರು ಮೊದಲ ಸಲ ಕುದುರೆಯ ಮೇಲೆ ಕೂಡ್ರಿಸಿದ್ದರು.