ಕೊನೆಯ ಸಾಕ್ಷಿಯ ನುಡಿ: ಡಾಲ್ಮೇಷಿಯನ್ ಭಾಷೆಯ ಆಧಾರಗಳ ಪರಿಶೀಲನೆ

ಏಡ್ರಿಯಾಟಿಕ್ ಕಡಲಿನ ಕ್ರಕ್ ದ್ವೀಪದಲ್ಲಿ 1898ರ ಜೂನ್ 10ರಂದು ರಸ್ತೆ ಕೆಲಸದ ವೇಳೆ ಸ್ಫೋಟವಾಗಿ ತೂವೊನೆ ಉದಾಯ್ನ ಎಂಬ ಮುದುಕರು ತೀರಿಕೊಂಡರು. ಲ್ಯಾಟಿನ್ ಮೂಲದ ಡಾಲ್ಮೇಷಿಯನ್ ಭಾಷೆ ಅಳಿದದ್ದು ಅಂದೇ ಎಂದು ಸಾಮಾನ್ಯವಾಗಿ ಬರೆಯಲಾಗುತ್ತದೆ. ಈ ಮಾತನ್ನು ಒಪ್ಪುವುದು ಕಷ್ಟ. ಉದಾಯ್ನರಿಗೆ ಅದು ತಾಯ್ನುಡಿಯಾಗಿರಲಿಲ್ಲ. ಮನೆಯ ಹಿರಿಯರು ತಮ್ಮತಮ್ಮೊಳಗೆ ಆಡಿಕೊಳ್ಳುತ್ತಿದ್ದುದನ್ನು ಕೇಳಿಸಿಕೊಂಡು ಅವರು ಕಲಿತದ್ದು.

1897ರಲ್ಲಿ ಭಾಷಾವಿಜ್ಞಾನಿ ಮಾತ್ತೆಯೊ ಬಾರ್ತೊಲಿ ಅವರೆದುರು ಕುಳಿತಾಗ ಉದಾಯ್ನರಿಗೆ ಕಿವಿ ಮಂದವಾಗಿತ್ತು, ಹಲ್ಲುಗಳು ಬಿದ್ದುಹೋಗಿದ್ದವು, ಆ ನುಡಿಯನ್ನಾಡಿ ಸುಮಾರು ಇಪ್ಪತ್ತು ವರ್ಷ ಕಳೆದಿತ್ತು. ಆದರೂ ಬಾರ್ತೊಲಿ ಅವರಿಂದ ಸುಮಾರು 2,800 ಪದಗಳನ್ನೂ ಬದುಕಿನ ನೆನಪುಗಳನ್ನೂ ಬರೆದುಕೊಂಡರು.

ಇಂಥ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಪದಗಳ ಧ್ವನಿಯ ಮಟ್ಟಿಗೆ ಧಾರಾಳವಾಗಿ ನಂಬಬಹುದೆಂದು ನನ್ನ ನಿಲುವು. ಲ್ಯಾಟಿನ್ನಿನಲ್ಲಿ ರಾತ್ರಿಯೂಟ ‘ಕೇನ’; ಇಟಾಲಿಯನ್ನಿನಲ್ಲಿ ಅದು ‘ಚೇನ’. ಉದಾಯ್ನರು ಹೇಳಿದ್ದು ‘ಕಾಯ್ನ’. ಹತ್ತು ಲ್ಯಾಟಿನ್ನಿನಲ್ಲಿ ‘ಡೆಕೆಂ’, ಇಟಾಲಿಯನ್ನಿನಲ್ಲಿ ‘ಡಿಯೆಚಿ’, ಅವರ ಬಾಯಲ್ಲಿ ‘ಡಿಕ್’. ಎಂಟಕ್ಕೆ ಲ್ಯಾಟಿನ್ನಿನ ‘ಒಕ್ತೊ’ ಇಟಾಲಿಯನ್ನಿನಲ್ಲಿ ‘ಒತ್ತೊ’ ಆದರೆ ಅವರಲ್ಲಿ ‘ಗ್ವಾಪ್ತೊ’. ಅವರು ದಿನವೂ ಬಳಸುತ್ತಿದ್ದ ವೆನಿಸ್ ಕಡೆಯ ಮಾತಿನಲ್ಲಿ ಈ ಪದಗಳಿಗೆ ಇಂಥ ಕಕಾರವೂ ಇಲ್ಲ, ಪಕಾರವೂ ಇಲ್ಲ. ಹಲ್ಲಿಲ್ಲದ ಬಾಯಿ ಸಕಾರವನ್ನು ಕೆಡಿಸಬಹುದು; ಲ್ಯಾಟಿನ್ ಕಾಲದ ಕಕಾರವನ್ನು ಹೊಸದಾಗಿ ಹುಟ್ಟಿಸಲಾರದು.

ವಾಕ್ಯರಚನೆಗೆ ಬಂದರೆ ಇದೇ ಧೈರ್ಯ ಸಲ್ಲದು. ದಿನವಿಡೀ ಬೇರೆ ನುಡಿಯಾಡುವವರ ವಾಕ್ಯ ಆ ನುಡಿಯ ಜಾಡಿಗೆ ಬೀಳುವುದು ಸಹಜ. ಮೇಲಾಗಿ ಬಾರ್ತೊಲಿಯ ಇಟಾಲಿಯನ್ ಹಸ್ತಪ್ರತಿ ಕಳೆದುಹೋಗಿ, 1906ರಲ್ಲಿ ಅಚ್ಚಾದ ಜರ್ಮನ್ ಅನುವಾದವನ್ನೇ ವಿದ್ವಾಂಸರು ಬಹುಕಾಲ ನೆಚ್ಚಬೇಕಾಯಿತು. ಈ ನುಡಿಯಲ್ಲಿ ಬರೆದ ಜಾದರ್ ಊರಿನ 14ನೆಯ ಶತಮಾನದ ಪತ್ರಗಳು ಉಳಿದಿವೆ, ನಿಜ. ಆದರೆ ಅವುಗಳಲ್ಲೂ ವೆನಿಸ್ ನುಡಿ ಬೆರೆತಿದೆ. 1472ರಲ್ಲಿ ದುಬ್ರೊವ್ನಿಕ್‌ನ ಸೆನೆಟ್ ತನ್ನ ಚರ್ಚೆಗಳಲ್ಲಿ ಸ್ಲಾವ್ ನುಡಿಯನ್ನು ನಿಷೇಧಿಸಿ, ಡಾಲ್ಮೇಷಿಯನ್ನಿನ ಒಂದು ರೂಪವಾದ ಅಲ್ಲಿನ ಹಳೆಯ ನುಡಿಯನ್ನೇ ಬಳಸಬೇಕೆಂದು ವಿಧಿಸಿತು. ಕಟ್ಟಳೆ ಮಾಡಿ ಉಳಿಸಿಕೊಳ್ಳಬೇಕಾದಷ್ಟು ಆ ನುಡಿ ಆಗಲೇ ಸೊರಗಿತ್ತು ಎಂದಾಯಿತು.

ಬಾರ್ತೊಲಿಗಿಂತ ಮೊದಲೇ ಕ್ರಕ್‌ನ ವೈದ್ಯ ಕೂಬಿಚ್ ಈ ನುಡಿಯ ಪದಗಳನ್ನು ಕಲೆಹಾಕಿದ್ದರು. ಆ ಸಂಗ್ರಹದ ಬೆಲೆಯನ್ನು ನಾವು ಇನ್ನೂ ಹೆಚ್ಚು ಗುರುತಿಸಬೇಕು. ಅದರಲ್ಲೂ ಉದಾಯ್ನರಲ್ಲೂ ಒಂದೇ ರೂಪ ಸಿಕ್ಕಿದರೆ ಅದು ಗಟ್ಟಿ ಆಧಾರ. ಉದಾಯ್ನರೊಬ್ಬರಲ್ಲೇ ಸಿಗುವ ರೂಪಗಳನ್ನು ವ್ಯಾಕರಣಗಳೂ ನಿಘಂಟುಗಳೂ ಬೇರೆ ಗುರುತಿನಿಂದ ಕೊಡಬೇಕು. 1898ರ ತಾರೀಖನ್ನು ಈ ನುಡಿಯ ಕೊನೆಯ ಆಕರ ಇಲ್ಲವಾದ ದಿನವೆಂದು ಮಾತ್ರ ನಮೂದಿಸಬೇಕು.